ವಿಶಾಖಪಟ್ಟಣಕ್ಕೆ ಹೋದ ಹಿತ್ತಾಳೆ ಬೋಗುಣಿ

ವಿಜಯವಾಡಕ್ಕೆ ಹೋಗಿ ಬೆಟ್ಟದ ಮೇಲಿನ ದುರ್ಗಮ್ಮನನ್ನು ನೋಡದೆ ಬಂದವಳು, ವಿಶಾಖಪಟ್ಟಣಕ್ಕೆ ಹೋಗಿ ಸಮುದ್ರದ ನೀರಿಗೆ ಕಾಲು ತಾಗಿಸದೆ ಬಂದವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಏನೇನು ನೋಡಿದಿರಿ ಎಂದು ಕೇಳಿದವರಿಗೆಲ್ಲ ಒಂದು ಬೋಗುಣಿ ನೋಡಿದೆ ಎಂದು ಹೇಳಿ ಕಳಿಸಿದ್ದೇನೆ. ಮುದುಕಿಗೆ ತಲೆ ತಿರುಗಿದೆ ಎಂದುಕೊಂಡು ಹೋದರು. ಆದರೆ ನಿಮ್ಮ ಮನೆಯಲ್ಲೂ ಅಂಥದೊಂದು ಪಾತ್ರೆ ಇರಬಹುದು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಚೆಂದ ಮಾಡಿ ಹೇಳಲಿಕ್ಕೆ ಬರುವುದಿಲ್ಲ, ಈ ಸಂಗತಿಯಲ್ಲಿ ಚೆಂದ ಮಾಡುವಂಥದ್ದು ಏನೂ ಇಲ್ಲ.

ಗದಗ ಬಿಟ್ಟದ್ದು

ನನ್ನ ಮಗಳು ಸುನಂದಾ ವಿಜಯವಾಡದಲ್ಲಿದ್ದಳು. ಅಳಿಯ ಬಸವರಾಜ ಬ್ಯಾಂಕಿನ ಆಫೀಸರು. ಮೂರು ವರ್ಷಕ್ಕೊಂದು ಊರು ಎನ್ನುವ ನೌಕರಿ. ಅವರಿಗೆ ಒಬ್ಬಳೇ ಮಗಳು, ಮಂಜುಳಾ. ನಾವು ಮಂಜಿ ಎನ್ನುತ್ತೇವೆ. ಆಗ ಅವಳಿಗೆ ಐದು ತುಂಬಿರಲಿಲ್ಲ. ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ ಪುರಾಣ ಬರುತ್ತಿದ್ದ ಕಾಲ. ಹಾಗೊಂದು ಭಾನುವಾರ ಓಣಿಯವರೆಲ್ಲ ಕಿರಾಣಿ ಅಂಗಡಿಯವರ ಮನೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದಾಗ ಅಲ್ಲಿನ ಫೋನು ಹೊಡೆದುಕೊಂಡಿತು. ಅಳಿಯಂದಿರು.

"ಅತ್ತಿ, ಮಂಜಿಗೆ ಹೊಟ್ಟಿನೋವು ಬಿಡವಲ್ದು. ಊಟ ಬಿಟ್ಟಾಳ. ಜಂತಿನ ಔಷಧ ಕೊಟ್ಟಾತು, ದೃಷ್ಟಿ ತಗದಾತು. ನಿಮ್ಮ ಕೈಯಾಗಿಂದಾದ್ರ ಉಂಡಾಳು. ಬರ್ತೀರೇನು?"

ಉಣ್ಣಿಸಲಿಕ್ಕೆ ಕರೆದರು, ಉಣ್ಣಿಸಲಿಕ್ಕೆ ಹೊರಟೆ. ಖಟಿ ರೊಟ್ಟಿ, ಶೇಂಗಾ ಚಟ್ನಿ, ಮನೆಯ ಸಾರಿನ ಪುಡಿ ಗಂಟು ಕಟ್ಟಿಕೊಂಡೆ. ಗುಂತಕಲ್ಲಿನಲ್ಲಿ ಗಾಡಿ ಬದಲಾಯಿಸುವಾಗ ಚಪ್ಪಲಿಯ ಬಾರು ಕಿತ್ತಿತು. ಬರಿಗಾಲಲ್ಲೇ ಹತ್ತಿದೆ. ಅಲ್ಲಿಂದ ಮುಂದೆ ಗಾಡಿಯಲ್ಲಿ ಕನ್ನಡ ಕಡಿಮೆಯಾಗುತ್ತ ಹೋಯಿತು, ಖಾರ ಹೆಚ್ಚಾಗುತ್ತ ಹೋಯಿತು. ಎದುರಿಗಿದ್ದ ಹೆಣ್ಣುಮಗಳು ತನ್ನ ಡಬ್ಬಿಯಿಂದ ಆವಕಾಯಿ ಕೊಟ್ಟಳು. ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಅವರ ಗುಂಟೂರಿನದು ಪ್ರಾಣಕ್ಕೆ. ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಅವಳು ಬೆಲ್ಲದ ಚೂರು ಕೊಟ್ಟಳು. ಒಳ್ಳೆಯ ಜನ. ಆದರೆ ಕೊಟ್ಟದ್ದನ್ನು ತಿನ್ನುವ ಮೊದಲು ನಾನು ಮೂಸಿ ನೋಡಿದ್ದು ಅವಳಿಗೆ ಸರಿಬರಲಿಲ್ಲ. ಅದು ನನ್ನ ಚಾಳಿ. ಹಳಸಿದ್ದು, ಬೂಸಲು ಹಿಡಿದದ್ದು, ಕನರು ಎಣ್ಣೆ, ಹುಳು ಬಿದ್ದ ಹಿಟ್ಟು, ಎಲ್ಲ ನನ್ನ ಮೂಗಿಗೆ ಗೊತ್ತು. ಈ ಮೂಗಿನಿಂದಲೇ ಐದು ಮಕ್ಕಳನ್ನು ಬೆಳೆಸಿದ್ದೇನೆ.

ಪಟಮಟ

ಅವರ ಮನೆ ಪಟಮಟದಲ್ಲಿ. ಸಿಟಿ ಬಸ್ಸಿನ ದಾರಿ, ಸಾಲೆಗಳು, ಮನೆ ಮನೆಯ ಮುಂದೆ ಅಕ್ಕಿಹಿಟ್ಟಿನ ರಂಗೋಲಿ. ಸೆಕೆ ಎಂದರೆ ನಮ್ಮ ಕಡೆಯ ಒಣ ಬಿಸಿಲಲ್ಲ. ಒದ್ದೆ ಅರಿವೆಯನ್ನು ಮೈಗೆ ಸುತ್ತಿದ ಹಾಗೆ. ಅಲ್ಲಿಯವರು ಮಾತಿಗೆ ಮೊದಲು "ಭೋಂಚೇಶಾರಾ" ಎಂದು ಕೇಳುತ್ತಾರೆ, ಊಟವಾಯಿತೇ ಎಂದು. ನಮ್ಮಲ್ಲೂ ಕೇಳುತ್ತೇವೆ, ಬಾಗಿಲಲ್ಲಿ ನಿಂತು. ಅವರು ಕೈಹಿಡಿದು ಒಳಗೆ ಕರೆದು ಕೇಳುತ್ತಾರೆ.

ಮಂಜಿ ಬಾಗಿಲಿಗೆ ಬಂದಳು. ಹೋದ ಸಲ ಊರಿಗೆ ಬಂದಾಗ ಜಿಗಿಜಿಗಿದು ಓಡಾಡುತ್ತಿದ್ದ ಹುಡುಗಿ, ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿದ್ದಳು. ಆದರೂ ಬಾಯಿ ಮಾತ್ರ ಹಾಗೇ ಇತ್ತು.

"ಅಮ್ಮಮ್ಮಾ! ಏಂ ತೆಚ್ಚಾವು?"

"ಏನ ತಂದಿ ಅಂತ ಕನ್ನಡದಾಗ ಕೇಳು. ಅಮ್ಮಮ್ಮ ಅನಬ್ಯಾಡ, ಅಜ್ಜಿ ಅನ್ನು."

"ನಾಕು ಕನ್ನಡಂ ವಚ್ಚು!" ಎಂದು ತೆಲುಗಿನಲ್ಲಿಯೇ ಜಗಳಕ್ಕೆ ನಿಂತಳು, ತನಗೆ ಕನ್ನಡ ಬರುತ್ತದೆಂದು.

ಅಳಿಯಂದಿರು ನಕ್ಕರು. ನನಗೆ ನಗು ಬರಲಿಲ್ಲ. "ಅಜ್ಜಿ ಅಂದ್ರ ಚಟ್ನಿ, ಅಮ್ಮಮ್ಮ ಅಂದ್ರ ಏನೂ ಇಲ್ಲ" ಎಂದೆ. ಅವಳು ಸ್ವಲ್ಪ ಯೋಚನೆ ಮಾಡಿ, "ಅಮ್ಮಮ್ಮಾ, ಚಟ್ನಿ ಬ್ಯಾಡ" ಎಂದಳು.

ಸುನಂದಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅವ್ವಾ, ನಿನ್ನ ಬೋಗುಣಿ ನೋಡು. ನೀ ಹೇಳಿದಂಗ ಕಲಾಯಿ ತಪ್ಪಿಸಿಲ್ಲ."

ಅದು ನನ್ನ ತಾಯಿಯ ಹಿತ್ತಾಳೆ ಬೋಗುಣಿ. ನನ್ನ ಮದುವೆಯಲ್ಲಿ ನನಗೆ ಬಂತು, ಅವಳ ಮದುವೆಯಲ್ಲಿ ಅವಳಿಗೆ ಕೊಟ್ಟೆ. ಕೊಡುವಾಗ ನನ್ನ ತಾಯಿ ಹೇಳಿದ ಮಾತನ್ನೇ ಹೇಳಿದ್ದೆ: ಹಿತ್ತಾಳೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಬಿಡುತ್ತದೆ, ಕಿಲುಬು ವಿಷ, ಆದ್ದರಿಂದ ಒಳಗಿನ ತವರದ ಕಲಾಯಿ ಸವೆಯುವ ಮೊದಲೇ ಹೊಸದಾಗಿ ಹಾಕಿಸು. ಓದು ಬಾರದವರ ಮನೆಗಳಲ್ಲಿ ಇದೇ ವಿಜ್ಞಾನ. ಸ್ಟೀಲು ಬಂದ ಮೇಲೆ ಎಲ್ಲರೂ ಹಿತ್ತಾಳೆಯನ್ನು ಅಟ್ಟಕ್ಕೆ ಎಸೆದರು. ಹಿತ್ತಾಳೆಯಲ್ಲಿ ಕುದಿಸಿದ ಸಾರಿನ ರುಚಿ ಸ್ಟೀಲಿನಲ್ಲಿ ಬರುವುದಿಲ್ಲವೆಂದು ನನ್ನ ಮಗಳು ಮಾತ್ರ ಬಿಟ್ಟಿರಲಿಲ್ಲ. ಬೋಗುಣಿಯ ಒಳಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಯಾರ ಹಾಕಿದ್ರು?"

"ಓಣಿಗೆ ಸೈಕಲ್ ಮ್ಯಾಲ ಬರ್ತಾನವ್ವಾ, ತಿದಿ ಕಟ್ಟಿಕೊಂಡು. ಹೋದ ವರ್ಷದಿಂದ ಅವನೇ."

ಊರಲ್ಲಾದರೆ ನಾನೇ ಬಜಾರಿಗೆ ಹೋಗಿ ತವರ ತಂದು ಕೊಡುತ್ತಿದ್ದೆ, ಕಲಾಯಿಯವನ ಎದುರಿಗೆ ಕುಳಿತು ನೋಡುತ್ತಿದ್ದೆ. ಪರವೂರಿನಲ್ಲಿ ಅದೆಲ್ಲ ಎಲ್ಲಿ ಸಾಧ್ಯ. ಮಗಳಿಗೆ ಮಾತು ಮುಟ್ಟಿದೆ, ಅಷ್ಟು ಸಾಕು ಎಂದುಕೊಂಡೆ. ಅದೇ ಬೋಗುಣಿಯಲ್ಲಿ ಹುಣಸೆಹಣ್ಣು ಕಿವುಚಿ, ನನ್ನ ಪುಡಿ ಹಾಕಿ ಸಾರು ಕುದಿಸಿದೆ. ಮಂಜಿ ಮೂಗು ಮುರಿದಳು, ಆಮೇಲೆ ಒಂದು ತುತ್ತು ತಿಂದಳು, ಆಮೇಲೆ ತಟ್ಟೆ ಬಳಿದಳು. ಎಷ್ಟೋ ದಿನದ ಮೇಲೆ ಮಗಳು ಉಂಡಳೆಂದು ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ಹೊತ್ತೂ ಸಾರು-ಅನ್ನ ನಡೆಯಿತು. ನಾನು ಬೀಗಿದೆ.

ಉಂಡರೂ ಹೊಟ್ಟೆನೋವು ಬಿಡಲಿಲ್ಲ. ಮೊಣಕಾಲನ್ನು ಎದೆಗೆ ಒತ್ತಿಕೊಂಡು ನರಳುತ್ತಿದ್ದಳು. ಹೊಸ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ವಯಸ್ಸಾದವರು, ಅವಸರ ಇಲ್ಲದವರು. ಮಗುವಿನ ತುಟಿ ಎತ್ತಿ ವಸಡು ನೋಡಿದರು. ಹಲ್ಲಿನ ಬುಡದಲ್ಲಿ ಸಣ್ಣ ನೀಲಿಗಪ್ಪು ಗೆರೆ. ನಾವು ಯಾರೂ ನೋಡಿರಲಿಲ್ಲ. ರಕ್ತ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ ಬಂದು, ಅಳಿಯಂದಿರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅಳಿಯಂದಿರು ನನಗೆ ಹೇಳಿದರು: "ಹೊಟ್ಟ್ಯಾಗ ಸೀಸ ಹೊಂಟದಂತ, ಅತ್ತಿ."

"ಸೀಸ ಯಾರ ತಿಂತಾರ? ಬಂದೂಕಿನ ಗುಂಡು ನುಂಗ್ಯಾಳೇನು?"

ಡಾಕ್ಟರರಿಗೆ ಅದರ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು. ಗೋಡೆಯ ಬಣ್ಣ ಕೆರೆದು ತಿನ್ನುತ್ತಾಳೆಯೇ, ಬ್ಯಾಟರಿ ಕೆಲಸದವರು ಮನೆ ಹತ್ತಿರ ಇದ್ದಾರೆಯೇ, ಬಣ್ಣದ ಆಟಿಕೆ ಬಾಯಿಗೆ ಹಾಕುತ್ತಾಳೆಯೇ ಎಂದು ಕೇಳಿದರು. ಆಟಿಕೆ ಎನ್ನುತ್ತಲೇ ಸುನಂದಾ ಗಂಡನ ಮುಖ ನೋಡಿದಳು. ಮಂಜಿಯ ಹಾಸಿಗೆಯ ತುಂಬ ಕೊಂಡಪಲ್ಲಿಯ ಮರದ ಗೊಂಬೆಗಳಿದ್ದವು.

ಕೊಂಡಪಲ್ಲಿ

ಗೊಂಬೆಗಳನ್ನೆಲ್ಲ ಅಂದೇ ಕಿತ್ತುಕೊಂಡರು. ಅಂಬಾರಿ ಆನೆಯನ್ನು ಮಂಜಿ ಬಿಡಲಿಲ್ಲ, ಬೆರಳು ಬಿಡಿಸಿ ತೆಗೆಯಬೇಕಾಯಿತು. ಅಳಿಯಂದಿರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಆ ಗೊಂಬೆ ಮಾಡಿದವನನ್ನು ಕೇಳಿಯೇ ಬರುತ್ತೇನೆ ಎಂದು ಹೊರಟರು. ಸಿಟ್ಟಿನಲ್ಲಿ ಒಬ್ಬರನ್ನೇ ಕಳಿಸಬಾರದೆಂದು ನಾನೂ ಜೊತೆಗೆ ಹೋದೆ.

ಊರಾಚೆ ದೊಡ್ಡ ದೊಡ್ಡ ಹೊಗೆಕೊಳವೆಗಳು. ಅವುಗಳ ಕೆಳಗೆ ಸಣ್ಣ ಸಣ್ಣ ಮನೆಗಳಲ್ಲಿ ಹಗುರ ಮರವನ್ನು ಕೆತ್ತಿ ದಶಾವತಾರ ಮಾಡುವ ಜನ. ಅಳಿಯಂದಿರು ಬ್ಯಾಂಕಿನ ದನಿಯಲ್ಲಿ ಶುರುಮಾಡಿದರು. ಗೊಂಬೆಯವನು ಕೆಲಸ ನಿಲ್ಲಿಸದೆ ಕೇಳಿಸಿಕೊಂಡ. ಕಡೆಗೆ ಉಳಿ ಕೆಳಗಿಟ್ಟು ಒಳಗೆ ಕೂಗಿದ. ದಪ್ಪ ತೊಡೆಯ ಒಂದು ಕೂಸು ತೆವಳುತ್ತ ಬಂತು. ಬಾಯಲ್ಲಿ ಅರ್ಧ ಬಣ್ಣ ಹೋದ ಗಿಳಿ.

"ಮಾ ಪಿಲ್ಲಲು ಪುಟ್ಟಿನಪ್ಪಟಿನುಂಚಿ ಇವೇ ನಾಕುತಾರು ಸಾರ್," ಎಂದ. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಇವನ್ನೇ ನೆಕ್ಕುತ್ತಾರೆ ಎಂದು. ಎಲೆಯ ಬಣ್ಣ, ಬೀಜದ ಬಣ್ಣ ಎಂದು ಗಡಿಗೆಗಳನ್ನು ತೆರೆದು ತೋರಿಸಿದ.

ನಾನು ಆ ಕೂಸನ್ನು ಎತ್ತಿಕೊಂಡು ತುಟಿ ಎತ್ತಿ ನೋಡಿದೆ. ವಸಡು ಗುಲಾಬಿ ಬಣ್ಣ. ಕೂಸು ನನ್ನ ಬೆರಳನ್ನು ಕಚ್ಚಿತು.

"ಅಳಿಯಂದ್ರ, ಇದು ಅಲ್ಲ," ಎಂದೆ.

"ಅದ್ಹೆಂಗ ಹೇಳ್ತೀರಿ ಅತ್ತಿ? ಡಾಕ್ಟರ್ ಅಂದಾರಲ್ಲ."

"ಡಾಕ್ಟರ್ ಕೇಳ್ಯಾರ, ಹೇಳಿಲ್ಲ. ಕೇಳೂದು ಬ್ಯಾರೆ, ಹೇಳೂದು ಬ್ಯಾರೆ."

ಬಸ್ಸಿನಲ್ಲಿ ಬರುವಾಗ ಗೊಂಬೆಯಲ್ಲವಾದರೆ ಮತ್ತೇನು ಎಂದು ಮಂಜಿ ತಿಂದದ್ದನ್ನೆಲ್ಲ ಲೆಕ್ಕ ಹಾಕಿದೆ.  ಮನೆಗೆ ಬಂದರೆ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಓಡಿ ಬಂದಳು. ಮಂಜಿ ಮಧ್ಯಾಹ್ನ ಉಂಡು ಕೈ ತೊಳೆಯುತ್ತಿದ್ದವಳು ಬಿದ್ದು ಕೈಕಾಲು ಸೆಟೆದುಕೊಂಡಳಂತೆ. ಸುನಂದಾ ಆಟೋದಲ್ಲಿ ಆಸ್ಪತ್ರೆಗೆ ಹೊತ್ತೊಯ್ದಿದ್ದಳು. ಅಂದು ಮಂಜಿ ಉಂಡದ್ದು ಬೆಳಿಗ್ಗೆ ನಾನು ಕುದಿಸಿಟ್ಟು ಹೋದ ಸಾರು.

ಆಸ್ಪತ್ರೆಯಲ್ಲಿ ಡಾಕ್ಟರರ ಮುಖ ಕಪ್ಪಿಟ್ಟಿತ್ತು. ವಿಷ ತಲೆಗೆ ಏರಿದೆ, ಎಲ್ಲಿಂದಲೋ ಇನ್ನೂ ಒಳಗೆ ಹೋಗುತ್ತಲೇ ಇದೆ ಎಂದರು. ಸೀಸವನ್ನು ಮೈಯಿಂದ ತೆಗೆಯುವ ಇಂಜೆಕ್ಷನ್ ಅಲ್ಲಿ ಸಿಗುವುದಿಲ್ಲ, ಲೋಹದ ಕಾರ್ಖಾನೆಗಳ ಆಸ್ಪತ್ರೆಯಲ್ಲಿ ಕಾರ್ಮಿಕರಿಗಾಗಿ ಇಟ್ಟಿರುತ್ತಾರೆ ಎಂದರು. ಇನ್ನೊಂದು ಮಾತನ್ನೂ ಹೇಳಿದರು: ಎಲ್ಲಿಂದ ಹೋಗುತ್ತಿದೆಯೆಂದು ಗೊತ್ತಾಗದಿದ್ದರೆ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರೂ ಮಗು ಮತ್ತೆ ಇಲ್ಲಿಗೇ ಬರುತ್ತದೆ.

ಅಳಿಯಂದಿರ ತಮ್ಮ ವಸಂತ ವಿಶಾಖಪಟ್ಟಣದಲ್ಲಿ ಸರಕಾರಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟು. ಅವನ ಲ್ಯಾಬಿನಲ್ಲಿ ಲೋಹಗಳನ್ನು ಅಳೆಯುತ್ತಾರೆ. ಮಗು ತಿಂದ ಪ್ರತಿಯೊಂದನ್ನೂ ಅಲ್ಲಿಗೆ ಒಯ್ಯಬೇಕು, ಇಂಜೆಕ್ಷನ್ ತರಬೇಕು. ಯಾರು ಹೋಗಬೇಕು? ಸುನಂದಾ ಮಂಚ ಬಿಟ್ಟು ಏಳುತ್ತಿರಲಿಲ್ಲ. ಡಾಕ್ಟರರ ಇಂಗ್ಲಿಷು, ನರ್ಸಮ್ಮಗಳ ತೆಲುಗು ಎರಡನ್ನೂ ಹಿಡಿಯುವವರು ಅಳಿಯಂದಿರೊಬ್ಬರೇ. ಉಳಿದವಳು ನಾನು.

ಅರಿಶಿನ, ಖಾರದ ಪುಡಿ, ಉಪ್ಪು, ಬೆಲ್ಲ, ನನ್ನ ಸಾರಿನ ಪುಡಿ, ಬಾಟಲಿಯಲ್ಲಿ ನಳದ ನೀರು, ಎಲ್ಲ ಚೀಲಕ್ಕೆ ಹಾಕಿದೆ. ಅಳಿಯಂದಿರು ಬೋಗುಣಿಯನ್ನೂ ತಂದಿಟ್ಟರು.

"ಇದ್ಯಾಕ?"

"ಅಡಗಿ ಮಾಡೂ ಪಾತ್ರೀನೂ ಒಯ್ಯಿರಿ ಅಂದಾರ ಡಾಕ್ಟರು."

"ಕಲಾಯಿ ಹಾಕಿದ ಬೋಗುಣಿ ಇದು. ನಿಮ್ಮ ಸ್ಟೀಲಿಗಿಂತ ಸ್ವಚ್ಛ ಅದ."

"ಇರವಲ್ದ್ಯಾಕ ಅತ್ತಿ. ಒಯ್ಯಿರಿ."

ನನ್ನ ತಾಯಿಯ ಹೆಸರಿಗೆ ಮಸಿ ಬಳಿದ ಹಾಗಾಯಿತು. ಆದರೂ ಹಳೆಯ ಸೀರೆಯಲ್ಲಿ ಸುತ್ತಿಕೊಂಡೆ.

ಗೋದಾವರಿಯ ಮೇಲೆ

ಹಗಲು ಗಾಡಿ. ಹೆಂಗಸರ ಡಬ್ಬಿಯಲ್ಲಿ ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಕಿಟಕಿಯಾಚೆ ಹಸಿರೋ ಹಸಿರು ಭತ್ತದ ಗದ್ದೆ, ಕಾಲುವೆ, ತೆಂಗು. ನಮ್ಮ ಎರೆಹೊಲದವರು ಕಂಡರೆ ಹೊಟ್ಟೆಕಿಚ್ಚುಪಡುವ ನೆಲ. ನಾನು ಸುಮ್ಮನೆ ನೋಡುತ್ತ ಕುಳಿತೆ, ಅದರಲ್ಲಿ ಮನಸ್ಸಿರಲಿಲ್ಲ.

ಎದುರಿಗೊಬ್ಬ ಬಾಣಂತಿತನ ಮುಗಿಸಿ ಹೊರಟ ಹೆಣ್ಣುಮಗಳು, ಕಂಕುಳಲ್ಲಿ ಕೂಸು, ಪಕ್ಕದಲ್ಲಿ ಇನ್ನೊಂದು ಹುಡುಗಿ. ನಡುವೆ ಒಂದು ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ನನಗೆ ಜೋಂಪು ಹತ್ತಿತ್ತು. ಕಣ್ಣು ಬಿಟ್ಟರೆ ಮಡಿಲು ಬರಿದು. ಆ ಹೆಣ್ಣುಮಗಳು ನನ್ನ ಬೋಗುಣಿಯಲ್ಲಿ ನಳದ ನೀರು ಹಿಡಿದು ತಂದು ಹುಡುಗಿಯ ಬಾಯಿಗೆ ಹಿಡಿಯುತ್ತಿದ್ದಳು.

ಕಿತ್ತುಕೊಂಡೆ. ನೀರು ಕೂಸಿನ ಮೇಲೆ, ಅವಳ ಸೀರೆಯ ಮೇಲೆ, ಪಕ್ಕದವರ ಊಟದ ಎಲೆಯ ಮೇಲೆ ಚೆಲ್ಲಿತು. ಹುಡುಗಿ ಕಿರುಚಿ ಅತ್ತಳು.

"ಮಂಚಿ ನೀಳ್ಳೇ ಕದಮ್ಮಾ! ಏಂಟೀ ಮಡಿ?" ಎಂದಳು ಅವಳು, ಒಳ್ಳೆಯ ನೀರೇ ಅಲ್ಲವೇ, ಇದೆಂಥ ಮಡಿ ಎಂದು. ಮಡಿಯ ಮುದುಕಿ, ತನ್ನ ಪಾತ್ರೆ ಮುಟ್ಟಿದ್ದಕ್ಕೆ ರೇಗಿದ್ದಾಳೆ ಎಂದು ಡಬ್ಬಿಯವರೆಲ್ಲ ನನ್ನ ಮೇಲೆ ಬಿದ್ದರು. ಒಬ್ಬಳು "ದಾಹಕ್ಕೆ ಜಾತಿ ಇದೆಯೇ" ಎನ್ನುವಂಥದ್ದೇನೋ ಕೈ ತಿರುಗಿಸಿ ಕೇಳಿದಳು. ನಾನು ಏನೆಂದು ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ? ಎರಡೂ ಭಾಷೆಯಲ್ಲಿರುವ ಒಂದೇ ಮಾತು ಬಾಯಿಗೆ ಬಂತು.

"ವಿಷಂ! ವಿಷಂ!"

ಆ ತಾಯಿ ಹುಡುಗಿಯ ಬಾಯಿಯನ್ನು ತನ್ನ ಸೆರಗಿನಿಂದ ಒರೆಸಿ ಒರೆಸಿ ಕೆಂಪು ಮಾಡಿದಳು. ಯಾರೂ ಆಮೇಲೆ ನನ್ನ ಹತ್ತಿರ ಕುಳಿತುಕೊಳ್ಳಲಿಲ್ಲ.

ಅಲ್ಲಿಯತನಕ ನಾನು ಆ ಮಾತನ್ನು ನಂಬಿರಲಿಲ್ಲ. ಬಾಯಿಂದ ಹೊರಬಿದ್ದ ಮೇಲೆ ಬೋಗುಣಿಯ ಒಳಗನ್ನು ನೋಡಿದೆ. ಹೊಳೆಯುತ್ತಿತ್ತು. ಮೂಸಿದೆ. ಹುಣಸೆಯ ವಾಸನೆ, ನನ್ನ ಪುಡಿಯ ವಾಸನೆ, ಮತ್ತೇನೂ ಇಲ್ಲ.

ಗೋದಾವರಿ ಬಂತು. ನಮ್ಮ ತುಂಗಭದ್ರೆಯಂಥವು ಹತ್ತು ಹೊಳೆ ಸೇರಿಸಿದರೂ ಅಷ್ಟಾಗಲಿಕ್ಕಿಲ್ಲ. ಸೇತುವೆಯ ಮೇಲೆ ಎಲ್ಲರೂ ಕಿಟಕಿಯಿಂದ ದುಡ್ಡು ಎಸೆದು ಕೈಮುಗಿದರು. ನಾನೂ ಎಸೆದೆ. ದೇವರ ಹತ್ತಿರ ಬೇಡುವುದು ನನ್ನ ರೂಢಿಯಲ್ಲ. ಅಂದು ಬೇಡಿದೆ.

ವಿಶಾಖಪಟ್ಟಣ

ವಸಂತ ಸ್ಟೇಷನ್ನಿಗೆ ಬಂದಿದ್ದ. ಮದುವೆಯಾಗದ ಹುಡುಗ, ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಒಂದೇ ಅಳತೆಯ ನೂರಾರು ಕ್ವಾರ್ಟರ್ಸುಗಳ ನಡುವೆ ಅವನದೊಂದು. ಅಲ್ಲಿ ಬೆಟ್ಟ, ಹೊಗೆ, ಸಮುದ್ರ ಮೂರೂ ಒಂದರ ಮೇಲೊಂದು ಬಿದ್ದ ಹಾಗಿವೆ. ಬಾಗಿಲ ಮುಂದೆ ತುಕ್ಕಿನ ಪುಡಿಯಂತೆ ಕೆಂಪು ಧೂಳು. ಒಳಗೆ ಮಾತ್ರ ನಮ್ಮ ಹುಬ್ಬಳ್ಳಿ ಕಡೆಯ ಕ್ಯಾಲೆಂಡರು.

ಅವನು ಚೀಲದಲ್ಲಿದ್ದುದೆಲ್ಲವನ್ನೂ ಸಣ್ಣ ಸಣ್ಣ ಬಾಟಲಿಗೆ ತುಂಬಿಕೊಂಡು ಚೀಟಿ ಅಂಟಿಸಿದ. ಆಮೇಲೆ ಬೋಗುಣಿಯನ್ನು ಕೈಗೆತ್ತಿಕೊಂಡ. ಬಿಳಿ ಅರಿವೆಯಿಂದ ಒಳಗೆ ತಿಕ್ಕಿದ. ಅರಿವೆ ಬೂದು ಬಣ್ಣಕ್ಕೆ ಬಂತು. ಅವನ ಮುಖ ನೋಡಿದೆ. ಅವನು ಅರಿವೆಯನ್ನು ಬೆಳಕಿಗೆ ಹಿಡಿದ.

"ಮಸಿ ಅದು. ಒಲಿ ಮ್ಯಾಲ ಇಟ್ಟಿದ್ದಲ್ಲೇನು," ಎಂದೆ.

"ಇರಬಹುದು ಅವ್ವಾರ. ನೀವು ಸಾರು ಹೆಂಗ ಮಾಡ್ತೀರಿ, ಹಂಗ ಇದರಾಗ ಹುಣಸಿನೀರು ಕುದಿಸಿಕೊಡ್ರಿ. ಅಷ್ಟೇ ಹೊತ್ತು."

ಕುದಿಸಿದೆ. ತಣಿಸಿ ಬಾಟಲಿಗೆ ಹಾಕಿಕೊಂಡ. ನನ್ನ ಸ್ಟೀಲ್ ಚೊಂಬಿನಲ್ಲೂ ಅದೇ ಹುಣಸೆ, ಅದೇ ನೀರು ಕುದಿಸಿ ಎಂದ. ಅದನ್ನೂ ಮಾಡಿದೆ. ಎರಡೂ ನೀರನ್ನು ನಾಲಿಗೆಗೆ ಹಚ್ಚಿ ನೋಡಲಿಕ್ಕೆ ಹೋದೆ. ಗಪ್ಪನೆ ಕೈ ಹಿಡಿದ. 

ಮರುದಿನ ಕೆಲಸ ಮುಗಿಸಿ ಬಂದವನು ಮನೆಯೊಳಗೆ ಬರಲಿಲ್ಲ. "ಬರ್ರಿ, ಸಮುದ್ರ ತೋರಸ್ತೀನಿ" ಎಂದ. ದಂಡೆಯ ಕಟ್ಟೆಯ ಮೇಲೆ ಕುಳಿತೆವು. ಮಕ್ಕಳು ಕುದುರೆ ಹತ್ತುತ್ತಿದ್ದವು, ಯಾರೋ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಅಷ್ಟು ದೊಡ್ಡ ನೀರನ್ನು ನಾನು ಮೊದಲ ಸಲ ನೋಡಿದ್ದು. ಏನೂ ಅನ್ನಿಸಲಿಲ್ಲ.

"ಅರಿಶಿನ ಛಲೋ ಅದ. ಖಾರಪುಡಿ ಛಲೋ ಅದ. ನಿಮ್ಮ ಪುಡಿ, ನಳದ ನೀರು, ಎಲ್ಲಾ ಸರಿ ಅವ," ಎಂದ ವಸಂತ. "ಸ್ಟೀಲಿನ್ಯಾಗ ಕುದಿಸಿದ ಹುಣಸಿನೀರಿನ್ಯಾಗೂ ಏನಿಲ್ಲ. ಬೋಗುಣ್ಯಾಗಿಂದರಾಗ ಅದ ಅವ್ವಾರ. ಭಾಳ ಅದ. ಕಲಾಯಿ ತವರದ್ದಲ್ಲ. ಅರ್ಧಕ್ಕಿಂತ ಹೆಚ್ಚು ಸೀಸ."

"ಕಿಲುಬು ಬರಬಾರದಂತ ಹಾಕಸ್ತೀವಿ ಕಲಾಯಿ. ವಿಷ ತಡೀಲಿಕ್ಕೆ ಹಾಕಿದ್ದರಾಗ ವಿಷ ಹೆಂಗ ಬರ್ತದ?"

"ತವರ ಆಗಿದ್ರ ತಡೀತಿತ್ತು. ಸೀಸಾನೂ ಹಂಗ ಹೊಳೀತದ, ಹಂಗ ಕರಗ್ತದ, ಸೋವಿ ಸಿಗ್ತದ. ಹುಳಿ ಬಿದ್ದ ಕೂಡ್ಲೆ ನೀರಿಗೆ ಇಳೀತದ. ದೊಡ್ಡವರ ಮೈ ಹೆಂಗೋ ತಡಕೋತದ. ಸಣ್ಣ ಮಕ್ಕಳ ಮೈ ಅದನ್ನ ಹೀರಿಕೋತದ."

"ನಾ ದಿನಾ ಮೂಸಿ ನೋಡೀನಿ. ರುಚಿ ನೋಡೀನಿ."

"ನಿಮ್ಮ ಮೂಗು ಹಳಸಿದ್ದನ್ನ ಹಿಡೀತದ ಅವ್ವಾರ. ಇದಕ್ಕ ವಾಸನಿ ಇಲ್ಲ, ಬಣ್ಣಾನೂ ಇಲ್ಲ. ಇದನ್ನ ಮಶೀನೇ ನೋಡಬೇಕು."

ಬಜ್ಜಿಯವನು ನಮ್ಮ ಹತ್ತಿರ ಬಂದು ಬೇಕೇ ಎಂದು ಕೇಳಿದ. ವಸಂತ ಬೇಡವೆಂದು ತಲೆಯಾಡಿಸಿದ. ಇಂಜೆಕ್ಷನ್ನಿನ ಪೆಟ್ಟಿಗೆಯನ್ನು ಆಗಲೇ ಅವನ ಕಾರ್ಖಾನೆಯ ಆಸ್ಪತ್ರೆಯಿಂದ ತಂದು ಕೈಯಲ್ಲಿಟ್ಟುಕೊಂಡಿದ್ದ. ಅದನ್ನು ನನ್ನ ಮಡಿಲಿಗಿಟ್ಟ. ಅಲೆ ಕಟ್ಟೆಯ ತನಕ ಬಂದು ಹೋಗುತ್ತಿತ್ತು. ಜನ ಸೀರೆ ಎತ್ತಿ ಹಿಡಿದು ಕಾಲು ತೋಯಿಸಿಕೊಂಡು ನಗುತ್ತಿದ್ದರು. "ಗಾಡಿ ಎಷ್ಟೊತ್ತಿಗದ?" ಎಂದು ಕೇಳಿ ಎದ್ದೆ.

ಮತ್ತೆ ವಿಜಯವಾಡ

ಇಂಜೆಕ್ಷನ್ ಕೆಲಸ ಮಾಡಿತು. ಸೆಟೆದುಕೊಳ್ಳುವುದು ನಿಂತಿತು. ಮಂಜಿ ಕಣ್ಣು ಬಿಟ್ಟಳು, ಹಾಲು ಕುಡಿದಳು, ಕೂರಿಸಿದರೆ ಕುಳಿತಳು. ಕರೆದರೆ ತಿರುಗಿ ನೋಡುತ್ತಿದ್ದಳು. ಆದರೆ ಮಾತು ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದೆವು. ಜೀವ ಉಳಿದಿದೆ, ತಲೆಗೆ ಆದ ಪೆಟ್ಟು ಎಷ್ಟು ಮಾಯುತ್ತದೋ ಹೇಳಲಾರೆ ಎಂದರು ಡಾಕ್ಟರು. ಸುಳ್ಳು ಹೇಳದ ಡಾಕ್ಟರು, ಅವರ ಮೇಲೆ ನನಗೆ ಸಿಟ್ಟಿಲ್ಲ.

ಬೋಗುಣಿಯ ಸಂಗತಿಯನ್ನು ಸುನಂದಾಳಿಗೆ ಹೇಳಿದ್ದು ಅಳಿಯಂದಿರು. ಅವಳು ಅಳಲಿಲ್ಲ. ಮಂಚದ ಪಟ್ಟಿಯನ್ನು ಹಿಡಿದುಕೊಂಡು ನನ್ನ ಕಡೆ ನೋಡಿದಳು.

"ಅವ್ವಾ, ನೀ ಹೇಳಿದಂಗ ಮಾಡಿದ್ನಲ್ಲ."

"ಹೌದವ್ವಾ. ಮಾಡಿದಿ."



ಮಂಜಿಯನ್ನು ಮನೆಗೆ ತಂದ ಮೇಲೆ ನಾನು ದಿನವೂ ಕಟ್ಟೆಯ ಮೇಲೆ ಕುಳಿತು ಕಲಾಯಿಯವನ ದಾರಿ ಕಾದೆ. ಬೈಗುಳವನ್ನೆಲ್ಲ ಒಟ್ಟುಮಾಡಿ ಇಟ್ಟುಕೊಂಡಿದ್ದೆ, ತೆಲುಗಿನಲ್ಲಿ ಹೇಗೆ ಬಯ್ಯಬೇಕೆಂದು ಪಕ್ಕದ ಮನೆಯಾಕೆಯಿಂದ ಎರಡು ಮಾತು ಕಲಿತಿದ್ದೆ. ಒಂದು ಬೆಳಿಗ್ಗೆ ಸೈಕಲ್ಲಿನ ಗಂಟೆ ಕೇಳಿತು. ನನ್ನ ವಯಸ್ಸಿನವನೇ, ಒಣಕಲು ಮನುಷ್ಯ. ಸುನಂದಾಳನ್ನು ಕರೆದೆ. ಬೋಗುಣಿಯನ್ನು ಅವನ ಮುಂದೆ ಕುಕ್ಕಿದೆ.

"ಇದಕ್ಕ ಏನ ಹಾಕಿದಿ ಕೇಳು ಇವನ್ನ."

ಸುನಂದಾ ಕೇಳಿದಳು. ಅವನು ಹೆಮ್ಮೆಯಿಂದಲೇ ಚೀಲದಿಂದ ಬೂದು ಗಟ್ಟಿಯೊಂದನ್ನು ತೆಗೆದು ತೋರಿಸಿದ. ಮೊದಲಿನ ತವರ ತುಟ್ಟಿಯಾಯಿತಂತೆ. ಹಳೆಯ ಬ್ಯಾಟರಿ ಕರಗಿಸುವವನೊಬ್ಬ ಇದನ್ನೇ ತವರವೆಂದು ಕೊಡುತ್ತಾನಂತೆ. ಚೆನ್ನಾಗಿ ಹತ್ತುತ್ತದೆ, ಚೆನ್ನಾಗಿ ಹೊಳೆಯುತ್ತದೆ ಎಂದ.

ಸುನಂದಾ ಮಂಜಿಯನ್ನು ಎತ್ತಿಕೊಂಡು ಬಂದು ಅವನ ಮುಂದೆ ಹಿಡಿದಳು. ಮಗುವಿಗೆ ಏನಾಯಿತೆಂದು ಹೇಳಿದಳು. ಅವನು ಬೇಗ ನಂಬಲಿಲ್ಲ. "ದೇವುಡಿ ಮೀದ ಒಟ್ಟು ಅಮ್ಮಗಾರೂ," ಎಂದು ಆಣೆ ಇಡಲಿಕ್ಕೆ ಬಲಗೈ ಮುಂದೆ ಚಾಚಿದ. ಚಾಚಿದ ಕೈ ಮಣಿಕಟ್ಟಿನಲ್ಲಿ ಬಾಗಿ ಕೆಳಗೆ ಜೋತುಬಿತ್ತು, ನೀರಿಲ್ಲದ ಗಿಡದ ಎಲೆಯಂತೆ. ಇನ್ನೊಂದು ಕೈಯಿಂದ ಎತ್ತಿ ಹಿಡಿದ. ಬಿಟ್ಟರೆ ಮತ್ತೆ ಜೋತುಬಿತ್ತು.

"ಕೈಗೆ ಏನಾಗ್ಯದ ಕೇಳು."

"ವಾತ ಅಂತಾನವ್ವಾ. ಹೋದ ವರ್ಷದಿಂದ ಅಂತ."

ಮನೆಯಲ್ಲಿ ಯಾವುದರಲ್ಲಿ ಉಣ್ಣುತ್ತೀರಿ ಎಂದು ಕೇಳಿಸಿದೆ. ಅವನು ನನ್ನನ್ನು, ಮಂಜಿಯನ್ನು, ತನ್ನ ಗಟ್ಟಿಯನ್ನು ನೋಡಿದ. "ಮಾ ಗಿನ್ನೆಲಕೂ ಇದೇ ವೇಶಾನು," ಎಂದ. ನಮ್ಮ ಪಾತ್ರೆಗಳಿಗೂ ಇದನ್ನೇ ಹಾಕಿದ್ದೇನೆ ಎಂದು ಸುನಂದಾ ಹೇಳುವ ಮೊದಲೇ ನನಗೆ ತಿಳಿಯಿತು.

ಕಲಿತಿದ್ದ ಎರಡು ಬೈಗುಳ ಗಂಟಲಲ್ಲೇ ಉಳಿದವು. ಡಾಕ್ಟರರ ಆಸ್ಪತ್ರೆಯ ದಾರಿಯನ್ನು ಸುನಂದಾ ಅವನಿಗೆ ಹೇಳಿಕೊಟ್ಟಳು, ಎರಡು ಸಲ. ಆಮೇಲೆ ನಾನು ಬೋಗುಣಿಯನ್ನು ಬೋರಲು ಹಾಕಿ ಅದರ ತಳವನ್ನು ತೋರಿಸಿದೆ. ಹೊಡೆ ಎಂದು ಕೈಸನ್ನೆ ಮಾಡಿದೆ. ಮಾರಿದರೆ ಇನ್ನೊಬ್ಬರ ಒಲೆಯ ಮೇಲೆ ಕೂರುತ್ತದೆ. ಕೃಷ್ಣೆಗೆ ಎಸೆಯೋಣವೆಂದರೆ ಊರೆಲ್ಲ ಕುಡಿಯುವ ನೀರು. ಅವನು ಉಳಿಯನ್ನು ಎಡಗೈಯಲ್ಲಿ ಹಿಡಿಯಲಿಕ್ಕೆ ಹೋದ, ಬಲಗೈಯಲ್ಲಿ ಸುತ್ತಿಗೆ ನಿಲ್ಲಲಿಲ್ಲ. ಉಳಿಯನ್ನು ನಾನು ಹಿಡಿದುಕೊಂಡೆ. ಅವನು ಎರಡೂ ಕೈ ಜೋಡಿಸಿ ಸುತ್ತಿಗೆ ಎತ್ತಿ ಹೊಡೆದ. ನನ್ನ ತಾಯಿಯ ಬೋಗುಣಿಗೆ ತೂತು ಬಿತ್ತು.

ಊರು

ಬೋಗುಣಿ ಈಗ ನಮ್ಮ ಪಡಸಾಲೆಯ ಗೂಟಕ್ಕೆ ತೂಗುಬಿದ್ದಿದೆ. ಬಂದವರು ಚಲೋ ಪಾತ್ರೆಗೆ ಯಾಕೆ ತೂತು ಮಾಡಿಸಿದಿರಿ ಎಂದು ಕೇಳುತ್ತಾರೆ. ಹೇಳುತ್ತೇನೆ. ಕೆಲವರು ಮನೆಗೆ ಹೋಗಿ ಕಲಾಯಿ ಪಾತ್ರೆಯನ್ನು ಬಿಳಿ ಅರಿವೆಯಿಂದ ತಿಕ್ಕಿ ನೋಡಿ, ಬೂದು ಹತ್ತಿದರೆ ತಂದು ತೋರಿಸುತ್ತಾರೆ. ಅರಿವೆಯನ್ನೂ ಪೂರಾ ನಂಬಬೇಡಿ, ಅನುಮಾನ ಬಂದರೆ ಹುಳಿ ಕುದಿಸಬೇಡಿ ಎನ್ನುತ್ತೇನೆ. ಮೂಸಿ ನೋಡುವುದನ್ನು ನಾನು ಬಿಟ್ಟಿಲ್ಲ. ಆದರೆ ಮೂಸಿ ನೋಡಿದ ಮೇಲೆ ಮೊದಲಿನ ಧೈರ್ಯವಿಲ್ಲ.

ಸಾಲೆಗೆ ರಜೆ ಬಿಟ್ಟಾಗ ಸುನಂದಾ ಮಗಳನ್ನು ಕರೆದುಕೊಂಡು ಬರುತ್ತಾಳೆ. ಸಾಲೆ ಅವರ ಓಣಿಯ ಮಕ್ಕಳಿಗೆ, ಮಂಜಿಗಲ್ಲ. ಮೈ ತುಂಬಿಕೊಂಡಿದ್ದಾಳೆ, ನಡೆಯುತ್ತಾಳೆ, ಹೇಳಿದ್ದು ತಿಳಿಯುತ್ತದೆ. ಮಾತು ಮಾತ್ರ ಬಂದಿಲ್ಲ. ಹೋದ ಸಲ ಬಂದಾಗ ಬೋಗುಣಿಯನ್ನು ತೋರಿಸಿ ಬೇಕೆಂದು ಕೈ ಮಾಡಿದಳು. ಇಳಿಸಿ ಕೊಟ್ಟೆ. ಮುಖಕ್ಕೆ ಹಿಡಿದುಕೊಂಡು ತೂತಿನಿಂದ ನನ್ನನ್ನು ನೋಡಿದಳು. ಒಂದೇ ಕಣ್ಣು ಕಾಣುತ್ತಿತ್ತು. ಒಳಗಿನಿಂದ ನಕ್ಕಳು. ನಗು ಹಳೆಯದೇ ಇದೆ.

ನಾನು ಬಗ್ಗಿ ತೂತಿನ ಹತ್ತಿರ ಬಾಯಿ ಒಯ್ದೆ.

"ಅನ್ನವ್ವಾ. ಅಮ್ಮಮ್ಮ ಅನ್ನು. ಕನ್ನಡದಾಗ ಬ್ಯಾಡ, ತೆಲುಗಿನ್ಯಾಗರ ಅನ್ನು."

ಕಣ್ಣು ನನ್ನನ್ನೇ ನೋಡುತ್ತಿತ್ತು.